ಪಂಕಜ ಅಥವಾ ಜಲಜ

ಚಾಮರಾಜಪೇಟೆಯಲ್ಲಿ, ಟ್ಯೂಬ್‌ಲೈಟು ಮಿಣುಕುವ ಮುದ್ರಣಾಲಯದಲ್ಲಿ
ಕರಡು ತಿದ್ದುತ್ತೇನೆ. ಪುಟಕ್ಕೆ ಹದಿನೆಂಟು ರೂಪಾಯಿ.
ಈ ವರ್ಷಕ್ಕೆ ಇದು ಮೂರನೆಯ ಕುಡುಕನ ಪುಸ್ತಕ.

ಮೊದಲನೆಯವನು ಕೊನೆಯ ಅಧ್ಯಾಯದಲ್ಲಿ ದೇವರನ್ನು ಕಂಡ.
ಎರಡನೆಯವನು ಯೋಗ ಕಲಿತ.
ಇವನು ಚೆನ್ನಾಗಿ ಬರೆಯುತ್ತಾನೆ, ಅದೇ ತೊಂದರೆ.
ಬೆಳಗಿನ ಹೊತ್ತು ನಡುಗುವ ಕೈಗೆ ಹನ್ನೆರಡು ಪುಟ,
ಗ್ಲಾಸಿನ ಅಂಚಲ್ಲಿ ಕೂತ ನೊಣಕ್ಕೆ ಒಂದು ಇಡೀ ಪ್ಯಾರಾ.
ಓದುತ್ತ ಓದುತ್ತ ನನ್ನ ಬಾಯೇ ಒಣಗಿ
ಎದ್ದು ಹೋಗಿ ನೀರು ಕುಡಿದು ಬಂದೆ.
ಹೆಂಡತಿಗೆ ಅರ್ಧ ವಾಕ್ಯ:
‘ಅವಳು ಬಳೆ ಬಿಚ್ಚಿ ಕೊಟ್ಟಳು, ಮಳೆ ನಿಂತಿತ್ತು.’

ಅಲ್ಪವಿರಾಮ ಸರಿಯಾಗಿಯೇ ಇದೆ.
ತಿದ್ದಲು ಏನೂ ಇಲ್ಲ.

ಹತ್ತೊಂಬತ್ತನೇ ಪುಟದಲ್ಲಿ ಅವಳ ಹೆಸರು ಪಂಕಜ.
ನೂರ ಹನ್ನೆರಡರಲ್ಲಿ ಜಲಜ.
ಕೆಂಪು ಶಾಯಿಯಲ್ಲಿ ಅಂಚಿಗೆ ಬರೆದೆ: ಯಾವುದು?
ಫೋನಿನಲ್ಲಿ ಲೇಖಕರು ನಕ್ಕರು:
‘ಎರಡೂ ತಾವರೆಯೇ ಅಲ್ಲವೇನಮ್ಮ?
ನಿಮಗೆ ಚೆಂದ ಕಂಡದ್ದು ಹಾಕಿ.’

ಕರಡು ಮುಚ್ಚಿಟ್ಟು ಉಮಾ ಟಾಕೀಸಿನ ತನಕ ನಡೆದೆ.
ಸಿಟ್ಟು ಯಾರ ಮೇಲೆ ಎಂಬುದು
ಕಾಫಿ ಆರಿ ಕೆನೆ ಕಟ್ಟುವವರೆಗೂ ಗೊತ್ತಾಗಲಿಲ್ಲ.

ನಮ್ಮಪ್ಪ ಕುಡಿಯುತ್ತಿರಲಿಲ್ಲ. ಬೀಡಿ ಕೂಡ ಇಲ್ಲ.
ಇಂಥ ಗಂಡಸು ಸಿಗಲು ಪುಣ್ಯ ಮಾಡಿರಬೇಕು ಕಣೇ,
ಎನ್ನುತ್ತಿದ್ದರು ಅಮ್ಮನಿಗೆ, ಶ್ರೀರಾಮಪುರದ ನಮ್ಮ ವಠಾರದಲ್ಲಿ
ಜೊತೆಗೆ ಕೂತು ಅಗರಬತ್ತಿ ಹೊಸೆಯುವವರು.
ಅಪ್ಪ ಅಚ್ಚುಮೊಳೆ ಜೋಡಿಸುವವನು.
ಉಲ್ಟಾ ಅಕ್ಷರಗಳನ್ನು ನೀರು ಕುಡಿದಂತೆ ಓದುವವನು.
ಶನಿವಾರ ಬಟವಾಡೆ.
ಶನಿವಾರವೇ ರೇಸು.

ನನಗೆ ಹನ್ನೊಂದು. ಅಂಗಡಿ ಕಟ್ಟೆಯ ಮೇಲೆ
ರೇಸ್ ಪುಸ್ತಕ ಬಿಡಿಸಿ ಕೇಳಿದ:
‘ಇದರಲ್ಲಿ ಯಾವ ಹೆಸರು ಚೆಂದ, ಪುಟ್ಟಿ?’
ಸಿಲ್ವರ್ ಲೇಸ್ ಅಂದೆ.
ನನ್ನ ಸ್ಕೂಲಿನ ಶೂಗೆ ಲೇಸಿರಲಿಲ್ಲ, ಅದಕ್ಕೆ.
ಗೆದ್ದಿತು.

ಆನಂದರಾವ್ ಸರ್ಕಲ್ಲಿನ ಹೋಟೆಲಲ್ಲಿ ಬಾದಾಮಿ ಹಾಲು,
ಹೊಸ ಜಾಮಿಟ್ರಿ ಬಾಕ್ಸು, ಒಂದಲ್ಲ ಎರಡು ಜೊತೆ ಲೇಸು.
‘ಅಪ್ಪನಿಗೆ ಓವರ್‌ಟೈಮ್ ದುಡ್ಡು ಬಂತು’
ಎಂದು ಅಮ್ಮನಿಗೆ ಹೇಳಿದವಳು ನಾನು.
ಹೇಳು ಎಂದು ಅಪ್ಪ ಹೇಳಿರಲಿಲ್ಲ.

ಆಮೇಲೆ ಪ್ರತಿ ಶನಿವಾರ ಕೇಳಿದ.
ಸೋತಾಗ ಒಂದು ಮಾತು ಅನ್ನಲಿಲ್ಲ.
ಹೊಲಿಗೆ ಮಿಷನ್ನು ಹೋಯಿತು, ತಾಮ್ರದ ಹಂಡೆ ಹೋಯಿತು,
ಅಮ್ಮನ ಮಸಿಬೆರಳು ಸಾವಿರ ಕಡ್ಡಿಗೆ ಇಷ್ಟು ಎಂದು
ರಾತ್ರಿ ಎರಡರ ತನಕ ಹೊಸೆಯಿತು.
ಪಕ್ಕದಲ್ಲಿ ಮಲಗಿ ನಾನು ಕುದುರೆಗಳ ಹೆಸರನ್ನು
ಪೆಪ್ಪರಮಿಂಟಿನ ಹಾಗೆ ಬಾಯಲ್ಲಿ ತಿರುಗಿಸುತ್ತಿದ್ದೆ.
ಕೇಳುತ್ತಾನಲ್ಲ, ನನ್ನನ್ನೇ ಕೇಳುತ್ತಾನಲ್ಲ
ಎಂಬ ಅಮಲು ಒಂದಿತ್ತು ನೋಡಿ,
ಮೂರು ಪುಸ್ತಕದಲ್ಲಿ ಒಬ್ಬನೂ ಅದನ್ನು ಬರೆದಿಲ್ಲ.

ಇಂಥ ಪುಸ್ತಕಗಳಲ್ಲಿ ಒಂದು ತಿರುವು ಇರುತ್ತದೆ.
ಅಲ್ಲಿ ನಿಂತು ಆತ ಆರಿಸಿಕೊಳ್ಳುತ್ತಾನೆ, ಎಡಕ್ಕೋ ಬಲಕ್ಕೋ.
ನಮ್ಮ ಮನೆಯಲ್ಲಿ ತಿರುವು ಕಾಣಲಿಲ್ಲ.
ಶನಿವಾರಗಳಿದ್ದವು, ಅಷ್ಟೆ.
ನನ್ನ ಪರೀಕ್ಷೆ ಫೀಸಿನ ದುಡ್ಡು
ಅಕ್ಕಿ ಡಬ್ಬಿಯ ತಳದಲ್ಲಿದೆ ಎಂದು
ಅಪ್ಪನಿಗೆ ತೋರಿಸಿಕೊಟ್ಟ ದಿನ ಕೂಡ
ಏನನ್ನೋ ಆರಿಸಿದೆ ಅನ್ನಿಸಿರಲಿಲ್ಲ.
ಕುದುರೆಯ ಹೆಸರು ಚೆನ್ನಾಗಿತ್ತು.

ಕೊನೆಯವರೆಗೂ ಅಮ್ಮನ ಸಿಟ್ಟು ಕುದುರೆಗಳ ಮೇಲೆ.
ಮದುವೆ ಮೆರವಣಿಗೆಯ ಬಡಕಲು ಬಿಳಿಕುದುರೆ ಕಂಡರೂ
‘ಮನೆಹಾಳ’ ಎಂದು ಮುಖ ತಿರುಗಿಸುತ್ತಿದ್ದಳು.
ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅವಳ ಜೊತೆ ಇಪ್ಪತ್ತಾರು ದಿನ ಇದ್ದೆ.
ಹೇಳಲು ಬೇಕಾದಷ್ಟು ಹೊತ್ತಿತ್ತು.
ಕಿತ್ತಳೆ ಸುಲಿದು ಕೊಟ್ಟೆ.

ಎಂಟು ಗಂಟೆಗೆ ಮತ್ತೆ ಕರಡಿನ ಮುಂದೆ.
ಮೇಲಿನ ಮಹಡಿಯಲ್ಲಿ ಯಂತ್ರ ಶುರುವಾಗಿ
ಮೇಜು ಸಣ್ಣಗೆ ನಡುಗುತ್ತದೆ.
ಜಲಜ ಅಂದರೆ ಕೈ ತೊಳೆದುಕೊಂಡ ಹಾಗೆ.
ಪಂಕಜ ಅಂದರೆ ಕೆಸರೂ ಜೊತೆಗೆ ಬರುತ್ತದೆ.
ಪಂಕಜ ಎಂದು ಹಾಕಿದೆ, ಎರಡೂ ಕಡೆ.

ಆಗ, ಪೆನ್ನಿನ ಮುಚ್ಚಳ ಹಾಕುವ ಮೊದಲು,
ನಾಚಿಕೆಯಾಗಬೇಕು, ಐವತ್ತೆರಡು ವಯಸ್ಸು,
ನಾಲಿಗೆಯ ಮೇಲೆ
ಆ ಹಳೇ ಪೆಪ್ಪರಮಿಂಟು.