ಹದ

ಔಲುವಿನಿಂದ ಉತ್ತರಕ್ಕೆ ಎರಡು ಗಂಟೆ.
ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ಒಳಗೆ ಸರ್ವರುಗಳ ಬೆವರು
ಕೊಳವೆ ಹಿಡಿದು
ಊರ ಈಜುಕೊಳಕ್ಕೆ ಇಳಿಯುತ್ತದೆ.

ತೌನೊ ಕುತ್ತಿಗೆ ತನಕ ಮುಳುಗಿ ಕೇಳಿದ:
"ತೂಲಿಕ್ಕಿ, ನನ್ನ ಗಾಳದಂಗಡಿ ನಿಮ್ಮಲ್ಲೇ ಇದೆಯಂತಲ್ಲ,
ಯಾವ ಕಪಾಟು?"
ಗೊತ್ತಿಲ್ಲ ಮಾರಾಯ.
ನನಗೆ ಕಾಣುವುದು ಹಸಿರು ದೀಪ, ಕೆಟ್ಟರೆ ಕೆಂಪು.
ಕೆಂಪಾದದ್ದನ್ನು ಕಿತ್ತು ಹೊಸತು ತುರುಕುತ್ತೇನೆ, ಅಷ್ಟೆ.

ಆದರೂ ಹೇಳಿದೆ:
ನಕಲೊಂದು ಇರಲಿ, ಬೇರೆ ಊರಲ್ಲಿ, ಬೇರೆಯವರ ಬಳಿ.
ಹೆಸರಿನ ಬಾಡಿಗೆ ತೀರುವ ದಿನ
ಗೋಡೆಯ ಮೇಲೆ ಬರೆದಿಡು.
ಮತ್ತೆ, ಆ ನಕಲನ್ನು ಒಮ್ಮೆಯಾದರೂ ಬಿಚ್ಚಿ ನೋಡು,
ನಿಜಕ್ಕೂ ತೆರೆಯುತ್ತದೆಯೇ ಅಂತ.

ನಕ್ಕ.
"ಆಲೂಗಡ್ಡೆಯ ನೆಲಮಾಳಿಗೆಗೂ ಇದೇ ಮಾತು.
ಬೀಗ ಭದ್ರವಿದ್ದರೆ ಸಾಲದು,
ಆಗಾಗ ಇಳಿದು ಮೂಸಬೇಕು."

ಪಾಳಿ ಮುಗಿಸಿ ನಾನೂ ನೀರಿಗಿಳಿಯುತ್ತೇನೆ.
ಯಾವುದೋ ದೇಶದಲ್ಲಿ ಎಂದೋ ಮುಚ್ಚಿದ ಬೇಕರಿ
ತನ್ನ ಪುಟದಲ್ಲಿ ಇನ್ನೂ
"ನಾಳೆ ಏಳಕ್ಕೆ ಬಿಸಿ ಬ್ರೆಡ್" ಅನ್ನುತ್ತಿರಬಹುದು.
ನಿಲ್ಲಿಸಲು ಮರೆತು
ಯಾರೋ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿರಬಹುದು.

ಆ ಬ್ರೆಡ್ಡಿನ ಬಿಸಿ
ಈಗ ತೌನೊನ ಎಡ ಮೊಣಕಾಲಿಗೆ ತಾಗಿರಬೇಕು.
ಕಣ್ಣು ಮುಚ್ಚಿ,
"ಇವತ್ತು ಹದವಾಗಿದೆ" ಅಂದ.