ಜಾಡಿ ಇದೆ

ತ್ಬಿಲಿಸಿಯಿಂದ ಮಧ್ಯರಾತ್ರಿಗೆ ಹೊರಟರೆ
ನಸುಕಿನ ನಾಲ್ಕೂವರೆಗೆ ಕುತೈಸಿಯ ವಿಮಾನ ನಿಲ್ದಾಣ.
ನನ್ನ ಶಟಲ್ ವ್ಯಾನಿಗೆ ಹದಿನೆಂಟು ಸೀಟು, ಒಂದು ಹರಿದದ್ದು.
ಒಂಬತ್ತು ವರ್ಷದಿಂದ ಗಾಜಿನ ಬಾಗಿಲ ತನಕ ಬಂದವನು ನಾನು.
ಅದರಾಚೆಗಿನದು ಅವರವರ ಪಾಡು.

ಗಿರಾಕಿಗಳು ಹೆಚ್ಚಾಗಿ ಹೆಂಗಸರು.
ಇಟಲಿಯಲ್ಲೋ ಗ್ರೀಸಿನಲ್ಲೋ ಯಾರದೋ ಅಜ್ಜಿಯ ಬೆನ್ನು ತಿಕ್ಕಲು,
ಮಾತ್ರೆ ಎಣಿಸಿ ಕೊಡಲು ಹೋಗುವವರು.
ಅಗ್ಗದ ಟಿಕೆಟ್ಟು, ಒಂದೇ ಕೈಚೀಲ,
ಅದರೊಳಗೆ ತಪ್ಪದೆ ಒಂದು ಜಾಡಿ ಹುಳಿ ಪ್ಲಮ್ಮಿನ ಗೊಜ್ಜು.
ದ್ರವ ಬಿಡುವುದಿಲ್ಲ ತಾಯಿ, ಎಂದು ಹೇಳಿ ಹೇಳಿ ನಾಲಗೆ ಸವೆದಿದೆ.
'ಇದು ದ್ರವವೇನೋ ಜೆಮಾಲ್? ಇದು ಊಟ.'

ಅರ್ಧ ತಾಸಿಗೆಲ್ಲ ಒಬ್ಬೊಬ್ಬರೇ ವಾಪಸು ಓಡಿ ಬರುತ್ತಾರೆ,
ಬೆಲ್ಟು ಕೈಯಲ್ಲಿ, ಬೂಟಿನ ದಾರ ಬಿಚ್ಚಿಕೊಂಡು,
ಕಿಟಕಿಯಲ್ಲಿ ಜಾಡಿ ತುರುಕಿ
'ಆ ಪೊಲೀಸರ ಕಸದ ಬುಟ್ಟಿಗೆ ಹೋಗುವ ಬದಲು ನೀನೇ ತಿನ್ನು!'
ಎನ್ನುತ್ತಾ ಮತ್ತೆ ಓಡುತ್ತಾರೆ.

ತಿಂದೆ. ಊರೂರಿನ ಗೊಜ್ಜು ತಿಂದೆ.
ಬೆಳ್ಳುಳ್ಳಿ ಸುರಿದದ್ದು, ಉಪ್ಪು ಮರೆತದ್ದು,
ಸಿಟ್ಟಿನಲ್ಲಿ ಕುದಿಸಿದ್ದು (ಗೊತ್ತಾಗುತ್ತದೆ).
ನನ್ನ ಹೆಂಡತಿ ನಾರ್ಗಿಜಾ ಗೊಜ್ಜು ಮಾಡುವುದನ್ನೇ ಬಿಟ್ಟಳು.
ಖಾಲಿ ಜಾಡಿ ತೊಳೆದು, ಹೆಸರಿನ ಚೀಟಿ ಅಂಟಿಸಿ
ಸೀಟಿನಡಿ ಇಡುತ್ತೇನೆ.
ಆರು ತಿಂಗಳೋ ವರ್ಷವೋ ಕಳೆದು ಅದೇ ಬಾಗಿಲಿಂದ ಹೊರಬಂದಾಗ
ಅವರವರ ಜಾಡಿ ಅವರವರಿಗೆ.
ಮುಚ್ಚಳ ಅದಲುಬದಲಾದರೆ ದೊಡ್ಡ ಜಗಳ.

ತ್ಸಿಯಾಲಾ ಮಾತ್ರ ಬೇರೆ.
ಖಾಶುರಿಯ ಪೆಟ್ರೋಲ್ ಬಂಕಿನಲ್ಲಿ ಹತ್ತುವವಳು,
ಕಡೆಗೆ ಹತ್ತಿದ್ದಕ್ಕೆ ಯಾವಾಗಲೂ ಹರಿದ ಸೀಟೇ.
ಒಮ್ಮೆ ಬಯ್ಯುತ್ತಲೇ ಸೂಜಿ ತೆಗೆದು
ನೀಲಿ ದಾರದಲ್ಲಿ ಹೊಲಿದುಬಿಟ್ಟಳು, ವ್ಯಾನು ಓಡುತ್ತಿರುವಾಗಲೇ.
ಅವಳು ಹೋಗುವ ಊರ ಹೆಸರು ಬಾರಿ.
'ಈ ಬಾರಿ ಯಾವ ಊರಿಗೆ?' 'ಬಾರಿಗೆ.'
ಅಷ್ಟಕ್ಕೇ ನಗುತ್ತಿದ್ದಳು, ಪ್ರತಿ ಬಾರಿ.
ಕಡೆಯ ಸಲ ಜಾಡಿ ಕೊಟ್ಟವಳು
'ತಿನ್ನಬೇಡ. ಬಂದು ನಾನೇ ತಿನ್ನುತ್ತೇನೆ' ಎಂದಳು.

ಎರಡು ಬೇಸಿಗೆ ದಾಟಿತು.
ಬಂದಿಳಿದವರ ಪಟ್ಟಿಯಲ್ಲಿ ಬೆರಳಿಟ್ಟು ಹುಡುಕುತ್ತೇನೆ,
ವಿಮಾನ ತಡವಾದರೆ ಕಾಯುತ್ತೇನೆ,
ಹಿಂದಿನಿಂದ ಯಾರೋ ಗೊಣಗುತ್ತಾರೆ:
'ಇನ್ನೂ ಯಾರಪ್ಪಾ?'

ಹೋದ ಆಗಸ್ಟಿನಲ್ಲಿ, ರಿಕೋಟಿಯ ಸುರಂಗದ ನಡುವೆ
ಢಬ್ ಎಂದು ಸದ್ದು.
ಟೈರು ಎಂದುಕೊಂಡೆ.
ಜಾಡಿಯ ಮುಚ್ಚಳ ಹಾರಿತ್ತು, ಹುಳಿ ಉಕ್ಕಿ
ಚಾವಣಿಗೆ, ಕನ್ನಡಿಗೆ, ನನ್ನ ಕಿವಿಯ ಹಿಂದಕ್ಕೆ.
ಬಯ್ಯುತ್ತಾರೆ ಎಂದು ಕಾದೆ.
ಕತ್ತಲಲ್ಲಿ ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ,
ಆಮೇಲೆ ಮೂಗುಗಳು ಮಾತಾಡತೊಡಗಿದವು.
'ಇದರಲ್ಲಿ ಕಾಡು ಪುದೀನ ಇದೆ.'
'ಹಣ್ಣು ಕಾಯಾಗಿದ್ದಾಗಲೇ ಕಿತ್ತಿದ್ದಾಳೆ, ನಮ್ಮತ್ತೆಯೂ ಹಾಗೇ.'
ಒಬ್ಬಳು ಬೆರಳಲ್ಲಿ ಕಿಟಕಿ ಒರೆಸಿ ನೆಕ್ಕಿಯೂ ನೋಡಿದಳು.
ಸುರಂಗ ಮುಗಿಯುವಷ್ಟರಲ್ಲಿ
ಯಾರ ಹಿತ್ತಲಿನ ಮರ ಮೇಲು ಎಂದು ವಾದ ಶುರುವಾಗಿತ್ತು.
ಸುರಾಮಿಯಲ್ಲಿ ನಿಲ್ಲಿಸಿ
ಬಿಸಿ ರೊಟ್ಟಿ ಕೊಂಡು, ತಳದಲ್ಲಿ ಉಳಿದದ್ದನ್ನು
ಎಲ್ಲರೂ ಬಳಿದು ತಿಂದೆವು.
ನಾನೂ ತಿಂದೆ. ಸುಳ್ಳೇಕೆ,
ಒಂಬತ್ತು ವರ್ಷದಲ್ಲಿ ಅಂಥದ್ದು ತಿಂದಿರಲಿಲ್ಲ.

ಚಾವಣಿಯ ಕಲೆ ಹೋಗಲಿಲ್ಲ.
ನಾರ್ಗಿಜಾ ಸೋಡಾಪುಡಿ ಹಾಕಿ ಉಜ್ಜಿದಳು,
ಅದು ಇನ್ನಷ್ಟು ಅಗಲವಾಯಿತು.

ಮೊನ್ನೆ ಫೋನು. ಇಟಲಿಯ ನಂಬರು.
'ಅಜ್ಜಿ ತೀರಿಕೊಂಡಳು, ಜೆಮಾಲ್.
ಕಾಗದಪತ್ರ ಈಗ ಕೈಗೆ ಬಂತು. ಗುರುವಾರ, ನಸುಕಿನ ವಿಮಾನ.
ಸೀಟು ಇಡು.'
ಸ್ವಲ್ಪ ತಡೆದು,
'ನನ್ನ ಜಾಡಿ ಇದೆಯಾ?'

ಕಾಲಡಿ ನೋಡಿದೆ.
ತೊಳೆದು ಬೋರಲು ಹಾಕಿದ್ದು, ಹೆಸರಿನ ಚೀಟಿ ಸಮೇತ.

'ಜಾಡಿ ಇದೆ' ಎಂದೆ.