ಎಷ್ಟು ಟಕ್ಕು

ಡ್ಯಾಂಪರಿನ ನೆತ್ತಿಯಲ್ಲೊಂದು ಪುಟ್ಟ ತಿರುಪು.
ಬಲಕ್ಕೆ ತಿರುಗಿಸಿದರೆ ಗಟ್ಟಿ, ಎಡಕ್ಕೆ ಮೆತ್ತಗೆ.
ಒಟ್ಟು ಮೂವತ್ತೆರಡು ಟಕ್ಕು; ಕಿವಿಗಿಂತ ಮೊದಲು
ಹೆಬ್ಬೆರಳಿಗೆ ಕೇಳಿಸುತ್ತದೆ.
ರಾಸ್ ಅಲ್ ಖೈಮಾದ ಈ ತಗಡಿನ ಮಾಡಿನಡಿ
ಹತ್ತೊಂಬತ್ತು ವರ್ಷದಿಂದ ನಾನು
ಗಿರಾಕಿಗಳ ಆಸೆ ಎಣಿಸುವುದು ಹೀಗೆ, ಬೆರಳಿನಲ್ಲಿ.

ಖಲ್ಫಾನ್ ಮೊದಲ ಸಲ ಬಂದಾಗ ಕೇಳಿದ್ದು ಗಟ್ಟಿ.
ಜಬಲ್ ಜೈಸ್‌ನ ತಿರುವಿನಲ್ಲಿ ಕಾರು ಕೂದಲೆಳೆಯಷ್ಟೂ ವಾಲಬಾರದು,
ಕೈ ಯೋಚಿಸುವಷ್ಟರಲ್ಲಿ ಮೂತಿ ತಿರುಗಿರಬೇಕು.
ಆಯಿತು ಎಂದೆ. ಸ್ಪ್ರಿಂಗ್ ಬದಲಿಸಿ ಮೂರು ಬೆರಳು ತಗ್ಗಿಸಿದೆ,
ರಿಮ್ಮಿನ ಸುತ್ತ ಸೀರೆಯಂಚಿನಷ್ಟೇ ರಬ್ಬರು.
ಟ್ರಯಲ್ ನೋಡಲು ನನ್ನನ್ನೂ ಕೂರಿಸಿಕೊಂಡ.
ಸುಳ್ಳೇಕೆ, ಹತ್ತುವಾಗ ಕಾರನ್ನು ದಾರಿಗೆ
ಹೊಲಿದು ಬಿಟ್ಟಂತಿತ್ತು.
ಇಳಿದು ಊರೊಳಗೆ ಬಂದೆವೋ ಇಲ್ಲವೋ
ರಸ್ತೆಗೆ ಬಿದ್ದ ದಿರ್ಹಮ್ಮನ್ನೂ ಬೆನ್ನುಹುರಿ ಓದತೊಡಗಿತು,
ಹೂಜಿಯ ಚಿತ್ರ ಮೇಲೋ ಕೆಳಗೋ ಎಂಬುದರ ಸಮೇತ.

ಸಂಜೆ ಕ್ಯಾಂಪಿಗೆ ನಮ್ಮ ಬಸ್ಸು.
ಅದರದ್ದು ಕಮಾನುಪಟ್ಟಿ, ತಿರುಪು ಇಲ್ಲ,
ಹೇಗೆ ಬೇಕು ಎಂದು ಕೇಳುವವರೂ ಇಲ್ಲ.
ಹಿಂದಿನ ಸೀಟಿನ ಹಸೈನಾರ್ ಪ್ರತಿ ಉಬ್ಬಿಗೂ ಎದ್ದು ಬಿದ್ದು
ನಿದ್ದೆಯಲ್ಲೇ "ಹ್ಞಾಂ" ಅನ್ನುತ್ತಾನೆ,
ಫೋನಿನಲ್ಲಿ ಹೆಂಡತಿಗೆ ಉತ್ತರ ಕೊಟ್ಟ ಹಾಗೆ.

ಜುಲೈಯಲ್ಲಿ ಖಲ್ಫಾನ್ ಮತ್ತೆ ಬಂದ.
ಅಜ್ಜಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಅಂತೆ,
ಕರೆದೊಯ್ಯುವುದು ಇವನೇ.
"ವಲೇರಿಯನ್, ಮೆತ್ತಗೆ ಮಾಡು. ಎಷ್ಟಾಗುತ್ತೋ ಅಷ್ಟು."
ಹಳೆಯ ಸ್ಪ್ರಿಂಗ್ ಕೂರಿಸಿದೆ, ತಿರುಪು ಎಡಕ್ಕೆ, ತುದಿ ತನಕ.
ದಪ್ಪ ಕೆನ್ನೆಯ ಟೈರು. ಗಾಳಿ ಮಾತ್ರ
ಬಾಗಿಲಂಚಿನ ಚೀಟಿಯಲ್ಲಿ ಬರೆದಷ್ಟೇ;
ಈ ಬಿಸಿಲಿನಲ್ಲಿ ಗಾಳಿ ಕಮ್ಮಿಯಾದರೆ ಟೈರಿಗೆ ಜ್ವರ.
ಹಾಲಿನ ಮೇಲೆ ಕೆನೆ ಸರಿದ ಹಾಗೆ ಕಾರು ಹೊರಟಿತು.
ನಾನು ಕೈ ಒರೆಸಿಕೊಂಡು ಕರಕ್ ಚಹಾ ಕುಡಿದೆ,
ಪುಣ್ಯ ಕಟ್ಟಿಕೊಂಡವನಂತೆ.

ಹತ್ತೇ ದಿನ. ಬಾಗಿಲಲ್ಲಿ ಅದೇ ಕಾರು.
"ಇವರಿಗೆ ಬೇಡವಂತೆ," ಖಲ್ಫಾನ್ ಕೈ ಚೆಲ್ಲಿದ.
ಹಿಂದಿನ ಕಿಟಕಿ ಇಳಿಯಿತು. ಹೊಳಪು ಮಾಸಿದ ಮುಖಪಟ್ಟಿ,
ಅದರ ಸೀಳಿನಲ್ಲಿ ಹಾಲುಗಟ್ಟಿದ ಎರಡು ಕಣ್ಣು.
ಅಜ್ಜಿಯ ಅರಬ್ಬಿ ನನಗೆ ಅರ್ಧ ದಕ್ಕಿತು,
ಉಳಿದರ್ಧ ಅವರ ಅಂಗೈ ಹೇಳಿತು:
ಮನೆ ಬಿಟ್ಟ ಮೇಲೆ ಎರಡು ಉಬ್ಬು,
ಶಾಲೆಯದೊಂದು, ಮಸೀದಿಯದೊಂದು.
ಆಮೇಲೆ ಸೇತುವೆಯ ಸಂದುಗಳು, ಟಕ ಟಕ ಟಕ,
ಅಂದರೆ ಕೆಳಗೆ ಖೋರಿನ ನೀರು.
ಅಗೆದು ಮುಚ್ಚಿದ ಡಾಂಬರು ಒಂದು ಮಾರು;
ಅಲ್ಲಿ ಅಕ್ಕನ ಮನೆ ಇತ್ತು.
"ಎಲ್ಲವನ್ನೂ ಒರೆಸಿಬಿಟ್ಟೆ ನೀನು.
ಈಗ ಕಾರಿನ ಬಾಗಿಲು ಹಾಕುತ್ತಾರೆ, ಆಮೇಲೆ ಆಸ್ಪತ್ರೆಯ ವಾಸನೆ.
ನಡುವೆ ಏನೂ ಇಲ್ಲ."

ಬಾನೆಟ್ ಎತ್ತಿದೆ. ಮತ್ತೇನು ಮಾಡಲಿ?
ಕಂಪನಿಯ ಪುಸ್ತಕದಲ್ಲಿ ಇದಕ್ಕೆ ಅಂಕಿ ಇಲ್ಲ.
ಸೂಜಿ ಚುಚ್ಚಿದ ತೋಳಿಗೆ ನೋವಾಗಬಾರದು,
ಅಕ್ಕನ ಮನೆ ತಪ್ಪಲೂ ಬಾರದು.
ಆರು ಟಕ್ಕು. ಒಂದು ಸುತ್ತು ಹೋಗಿ ಬಂದೆವು. ಇಲ್ಲ.
ಒಂಬತ್ತಕ್ಕೆ ಶಾಲೆ ಸಿಕ್ಕಿತು, ಮಸೀದಿಯೂ.
ಹದಿಮೂರಕ್ಕೆ ಸೇತುವೆ.
ಸ್ಟಿಯರಿಂಗ್ ಹಿಡಿದವನು ಕನ್ನಡಿಯಲ್ಲಿ ನಕ್ಕ,
"ತಿರುವಿಗೂ ಪರವಾಗಿಲ್ಲ ಈಗ."
ಅಕ್ಕನ ಮನೆಗೆ ಇನ್ನೊಂದು ಬೇಕಾಯಿತು.
ಅಲ್ಲಿ ಅಜ್ಜಿ ಏನೂ ಹೇಳಲಿಲ್ಲ.
ಸೀಟಿನ ಮೇಲಿಟ್ಟಿದ್ದ ಕೈ ಮಾತ್ರ ಎತ್ತಿ ಇಳಿಸಿದರು.

ಬಿಲ್ಲಿನಲ್ಲಿ ಏನು ಬರೆಯಲಿ ಎಂದ ಹುಡುಗ.
ಬ್ಯಾಲೆನ್ಸಿಂಗ್ ಅಂತ ಬರೆ, ನಲವತ್ತು.

ಅವತ್ತು ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತೆ.
ಹತ್ತೊಂಬತ್ತು ವರ್ಷ ಹೋಗಿ ಬಂದ ದಾರಿ.
ಬೇಕಾದಷ್ಟು ಕುಕ್ಕಿತು, ಎಸೆಯಿತು, ಬಡಿಯಿತು;
ಗುರುತು ಹತ್ತಿದ್ದು ಒಂದೇ,
ಕ್ಯಾಂಪಿನ ಗೇಟಿನ ಉಬ್ಬು.
ಹಸೈನಾರ್ "ಹ್ಞಾಂ" ಅಂದ.